ಏಳು ಸೀಟಿನ ಗಾಡಿಗೆ ಮಾರಮ್ಮನ ಅಪ್ಪಣೆ

ಅವ್ವ ಬದುಕಿರುವವರೆಗೆ ತಮ್ಮನ ಮೈಮೇಲೆ ಕೈ ಎತ್ತುವುದಿಲ್ಲ ಎಂದು ರಂಗೇಶ ಕರಿ ಕಂಬಳಿ ಮುಟ್ಟಿ ಮಾತು ಕೊಟ್ಟು ಹದಿನೆಂಟು ವರ್ಷವಾಗಿತ್ತು. ಮಾತು ಕೊಡುವ ಹೊತ್ತಿಗೆ ಅದೇ ಕಂಬಳಿಯ ಮೇಲೆ ತಮ್ಮ ತಿಪ್ಪೇಶನ ಎರಡು ಹಲ್ಲು ಬಿದ್ದಿದ್ದವು. ಜಗಳ ಯಾತಕ್ಕೆ ಶುರುವಾಯಿತು ಅನ್ನುವುದು ಈಗ ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ಒಂದು ಟಾರ್ಚಿಗೆ ಅಂತ ರಂಗೇಶ, ಟಾರ್ಚಿಗಲ್ಲ, ಆಡಿದ ಮಾತಿಗೆ ಅಂತ ತಿಪ್ಪೇಶ. ಕುರಿರೊಪ್ಪದ ಬೇಲಿಯ ಗೂಟ ಕಿತ್ತು ರಂಗೇಶ ಹೊಡೆದದ್ದು, ತಮ್ಮ ಬಿದ್ದದ್ದು, ಬಿದ್ದ ಮೇಲೂ ಹೊಡೆದದ್ದು, ಇಷ್ಟು ಮಾತ್ರ ಹಟ್ಟಿಗೆಲ್ಲ ನೆನಪಿತ್ತು. ಅಪ್ಪ ಗೊಲ್ಲಪ್ಪ ತೀರಿಕೊಂಡು ಆಗ ಇನ್ನೂ ವರ್ಷ ತುಂಬಿರಲಿಲ್ಲ. ಅವನ ಕಂಬಳಿಯನ್ನೇ ತಂದು ಹಾಸಿದಳು ಅವ್ವ ಹುಚ್ಚಕ್ಕ.

"ಮುಟ್ಟಲೇ. ನಾನು ಮಣ್ಣಾಗೋಗಂಟ ಇವನ ಮೇಲೆ ಕೈ ಎತ್ತಲ್ಲ ಅಂತ ಮುಟ್ಟು."

ಮುಟ್ಟಿದ. ತಿಪ್ಪೇಶನಿಂದ ಅವ್ವ ಯಾವ ಮಾತನ್ನೂ ತೆಗೆದುಕೊಳ್ಳಲಿಲ್ಲ. ಬಾಯಿ ತುಂಬ ರಕ್ತ ಇಟ್ಟುಕೊಂಡವನಿಂದ ಎಂಥ ಮಾತು ತೆಗೆದುಕೊಳ್ಳುವುದು?

ಅಲ್ಲಿಯೇ ಎಡವಟ್ಟಾದದ್ದು. ಅಣ್ಣ ಏನೇ ಆದರೂ ಹೊಡೆಯುವುದಿಲ್ಲ ಅನ್ನುವುದು ತಿಪ್ಪೇಶನಿಗೆ ಒಂದೆರಡು ತಿಂಗಳಲ್ಲೇ ಗೊತ್ತಾಗಿಹೋಯಿತು. ಮೊದಲು ಬೈದ. ಆಮೇಲೆ ತಳ್ಳಿದ. ಅಣ್ಣನ ಮದುವೆಯಾದ ಮೂರನೇ ದಿನ ಹೊಸ ಹೆಂಡತಿ ದೀಪಾಳ ಎದುರಿಗೇ ಅಣ್ಣನ ಕೆನ್ನೆಗೆ ಬಿಟ್ಟ. ರಂಗೇಶ ಎದ್ದು ಹಿತ್ತಲಿಗೆ ಹೋಗಿ ಬೇವಿನ ಮರಕ್ಕೆ ಗುದ್ದಿ ಬಂದ. ತಮ್ಮನಿಗೆ ಬೀಳಬೇಕಾದ ಏಟುಗಳೆಲ್ಲ ಹಾಗೆ ಮರಕ್ಕೆ, ಗೋಡೆಗೆ, ಸ್ಟೀಲ್ ಬಕೀಟಿಗೆ ಬಿದ್ದವು. ಅವನ ಬಲಗೈಯ ಗೆಣ್ಣುಗಳು ಒಂದೂ ಸಾಲಿನಲ್ಲಿರಲಿಲ್ಲ. ಊಟ ಬಡಿಸುವಾಗ ದೀಪಾ ಆ ಕೈಯನ್ನು ನೋಡುತ್ತಿರಲಿಲ್ಲ.

ಹೊಸದುರ್ಗದ ಕಡೆ ಗುಡ್ಡಗಳ ಮೇಲೆ ಕರೆಂಟು ತೆಗೆಯುವ ಗಾಳಿಕಂಬ ನಿಲ್ಲಿಸುವವರು ಇವರ ಕಲ್ಲುಭೂಮಿಯನ್ನೂ ತೆಗೆದುಕೊಂಡರು. ದುಡ್ಡು ಅವ್ವನ ಹೆಸರಿಗೆ ಬಂತು. ಆವತ್ತಿನಿಂದ ತಿಪ್ಪೇಶನ ಬಾಯಲ್ಲಿ ಒಂದೇ ಮಂತ್ರ, ಕರೆಂಟಿನ ದೊಡ್ಡ ಗಾಡಿ.

"ಗಾಳಿಯಿಂದ ಬಂದ ದುಡ್ಡು, ಕರೆಂಟಿನ ಗಾಡಿಗೇ ಹೋಗ್ಲಿ ಬಿಡವ್ವ. ಏಳು ಸೀಟು. ಮುಂದೆ ಕುಂತ್ಕಂಡು ಕಾಲು ನೀಡಿಕಂಡು ದುರ್ಗದ ಆಸ್ಪತ್ರೆಗೆ ಹೋಗಿ ಬರಬೌದು ನೀನು."

"ಎಣ್ಣೆ ಕುಡಿಯಲ್ವೇನ್ಲಾ ಅದು?"

"ಒಂದು ತೊಟ್ಟೂ ಇಲ್ಲ."

"ಹಂಗಾದ್ರೆ ನಿನಗಿಂತ ವಾಸಿ."

ರಂಗೇಶ ನಗಲಿಲ್ಲ. "ಗಾಳಿಕಂಬದ ದುಡ್ಡು ಸಾಲಲ್ಲ. ಉಳಿದಿದ್ದಕ್ಕೆ?"

"ಅರ್ಧ ಹಿಂಡು ಮಾರಾಣ."

"ಹಿಂಡು ಕಾಯೋನು ನಾನು."

"ಕಾಯೋನು ನೀನು. ಅದು ಅಪ್ಪಂದು. ಏನು, ಹೊಡೀತೀಯಾ? ಹೊಡಿ. ಅವ್ವ, ಒಳಗಿಂದ ಆ ಕಂಬಳಿ ತಗಂಬಾ ಸ್ವಲ್ಪ."

ಗಾಡಿ ದೀಪಾಗೂ ಬೇಕಿತ್ತು ಅನ್ನುವುದು ರಂಗೇಶನಿಗೆ ಗೊತ್ತಿತ್ತು. ಆರು ವರ್ಷದಿಂದ ತಿಂಗಳಿಗೆರಡು ಸಲ ಅತ್ತೆಯನ್ನು ಸೊಂಟಕ್ಕೆ ಕೈ ಕೊಟ್ಟು ಬಸ್ಸಿಗೆ ಹತ್ತಿಸುವವಳು, ಇಳಿಸುವವಳು ಅವಳೇ. ರಾತ್ರಿ ಮಲಗಿದಾಗ, "ನನಗೇನು ಶೋಕಿಗಲ್ಲ ಕಣ್ರೀ, ನನ್ನ ಬೆನ್ನು ಹೋಗೈತೆ" ಅಂದಿದ್ದಳು.

ಒಂದು ಗುರುವಾರ ದುರ್ಗದ ಶೋರೂಮಿನಿಂದ ಹಾಲಸ್ವಾಮಿ ಎಂಬ ಹುಡುಗ ಟೈ ಕಟ್ಟಿಕೊಂಡು ಗಾಡಿಯನ್ನು ಹಟ್ಟಿಗೇ ತಂದ. ಬಿಳಿ ಗಾಡಿ, ರೊಪ್ಪದ ಬೇಲಿಗಿಂತ ಎತ್ತರ. ಮನೆಯವರೆಲ್ಲ ಹತ್ತಿದರು. ರಂಗೇಶನೂ ಹತ್ತಿ ಸೀಟಿನ ಮೇಲೆ ಕೈಯಾಡಿಸಿದ. ಆಗತಾನೇ ಹುಟ್ಟಿದ ಮರಿಯ ಕಿವಿಯ ಹಾಗಿತ್ತು.

"ಶುರು ಮಾಡಪ್ಪ ಮತ್ತೆ, ಬಿಸಿಲಾಗ್ತೈತೆ" ಅಂದಳು ಹುಚ್ಚಕ್ಕ.

"ಶುರುವಾಗೈತೆ ಅಜ್ಜಿ. ಹೋಗ್ತಾ ಇದೀವಿ."

ಹೊಳಲ್ಕೆರೆ ರಸ್ತೆಯಲ್ಲಿ ಬಿ.ದುರ್ಗದ ದಿಕ್ಕಿಗೆ ಒಂದು ಸುತ್ತು ಹೋಗಿ ಬಂದರು. ಒಳಗೆ ತಣ್ಣಗೆ, ಮಲಗಿದ ಮಗುವೂ ಏಳದಷ್ಟು ನಿಶ್ಶಬ್ದ. ಇಳಿಯುವಾಗ ರಂಗೇಶನ ಮನಸ್ಸು ಅರ್ಧ ಸೋತಿತ್ತು. ಹತ್ತು ಹದಿನೈದು ಮುದಿ ಕುರಿ ಕೊಟ್ಟು, ಮಿಕ್ಕಿದ್ದಕ್ಕೆ ಒಂದು ವರ್ಷ ತಡೆದರೆ ಆಗಬಹುದೇನೋ ಅಂತ ಲೆಕ್ಕ ಹಾಕುತ್ತಲೇ ಹಿಂಡು ಬಿಟ್ಟುಕೊಂಡು ಮೇವಿಗೆ ಹೊರಟ.

ಕುರಿ ಹೊಡೆಯುವವನು ರಸ್ತೆಯನ್ನು ಕಣ್ಣಿಂದ ಕಾಯುವುದಿಲ್ಲ, ಕಿವಿಯಿಂದ ಕಾಯುತ್ತಾನೆ. ಲಾರಿಯಾದರೆ ಏರಿನ ಆಚೆಯೇ ಗೊತ್ತಾಗುತ್ತದೆ, ಬಸ್ಸಾದರೆ ಗೇರು ಬದಲಿಸುವುದರಲ್ಲಿ ಗೊತ್ತಾಗುತ್ತದೆ. ನಾಲಿಗೆ ಮಡಚಿ ಒಂದು ಸೀಟಿ ಹೊಡೆದರೆ ಹಿಂಡು ಎಡಕ್ಕೆ ಸರಿಯುತ್ತದೆ. ಮೂವತ್ತು ವರ್ಷ ರಂಗೇಶ ತಿರುಗಿ ನೋಡಿದವನಲ್ಲ. ಆವತ್ತೂ ನೋಡಲಿಲ್ಲ. ಹಳ್ಳದ ತಿರುವಿನಲ್ಲಿ ಅವನಿಗೆ ಕೇಳಿಸಿದ್ದು ಕುರಿಗಳ ಕೊರಳಗಂಟೆ ಮಾತ್ರ. ಆಮೇಲೆ ಹಸಿ ಸೌದೆಯ ಹೊರೆ ಎತ್ತಿ ಒಗೆದ ಹಾಗೆ ಒಂದು ಶಬ್ದ, ಅದರ ಮೇಲೆ ಇನ್ನೊಂದು.

ಎರಡನೇ ಸುತ್ತಿಗೆ ಸ್ಟೇರಿಂಗ್ ಹಿಡಿದಿದ್ದವನು ತಿಪ್ಪೇಶ. ಹಾಲಸ್ವಾಮಿ ಪಕ್ಕದಲ್ಲಿದ್ದ. ಬಿಳಿ ಗಾಡಿ ಹಿಂಡಿನ ನಡುವೆ ನಿಂತಿತ್ತು, ಈಗಲೂ ಸದ್ದಿಲ್ಲ. ಎರಡು ಕುರಿ ಜಾಗದಲ್ಲೇ ಸತ್ತಿದ್ದವು. ಗಬ್ಬದ ಕುರಿಯೊಂದರ ಹೊಟ್ಟೆ ಒಡೆದು, ಕೂದಲು ಬಂದಿದ್ದ ಮರಿ ಟಾರಿನ ಮೇಲೆ ಬಿದ್ದು ಬಾಯಿ ತೆರೆದು ಮುಚ್ಚುತ್ತಿತ್ತು. ಒಂದು ಟಗರು ಹಿಂಗಾಲು ಎರಡನ್ನೂ ಎಳೆದುಕೊಂಡು ಚರಂಡಿಯ ಕಡೆ ಹೋಗುತ್ತಿತ್ತು. ರಂಗೇಶ ಸೊಂಟದ ಚೂರಿ ತೆಗೆದ. ಮೊದಲು ಟಗರಿನ ಕತ್ತು ಕುಯ್ದ, ಆಮೇಲೆ ಗಬ್ಬದ ಕುರಿಯದ್ದು, ಕೊನೆಗೆ ಮರಿಯದ್ದು. ಮೊಣಕೈವರೆಗೆ ರಕ್ತ ಮಾಡಿಕೊಂಡು ಎದ್ದು ನಿಂತಾಗ ತಮ್ಮ ಗಾಡಿಯ ಮೂತಿಯ ಹತ್ತಿರ ಬಗ್ಗಿ ನೋಡುತ್ತಿದ್ದ.

"ಬಂಪರ್ ಹೋಯ್ತಲ್ಲಲೇ ಹಾಲಸ್ವಾಮಿ."

ಬಗ್ಗಿದ ಕತ್ತು ರಂಗೇಶನ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಅಂಗಿಯ ಕಾಲರಿನ ಮೇಲೆ ಬೆವರಿನ ಗೆರೆ, ಅದರ ಕೆಳಗೆ ಮಿಡಿಯುವ ನರ. ಎಲ್ಲಿ ಕುಯ್ದರೆ ಎಷ್ಟು ಹೊತ್ತು ಒದ್ದಾಡುತ್ತದೆ ಅನ್ನುವುದು ಈ ಕೈಗೆ ಗೊತ್ತು. ಚೂರಿ ಕೆಳಗೆ ಬಿಸಾಕಿದ.

"ಹಾರನ್ ಹೊಡೀಬೇಕಿತ್ತು" ಅಂದ.

"ತಿರುಗಿ ನೋಡಬೇಕಿತ್ತು. ಕಿವುಡ ನನ್ಮಗನಂಗೆ ರಸ್ತೆ ಮಧ್ಯ ಹೊಂಟ್ರೆ?"

ರಂಗೇಶ ಗುದ್ದಿದ. ಏಟು ಗಾಡಿಯ ಕನ್ನಡಿಗೆ ಬಿತ್ತು. ಗಾಜು ಗೆಣ್ಣುಗಳ ಒಳಗೆ ಹೋಯಿತು. ಇನ್ನೊಂದು ಗುದ್ದಿಗೆ ಕನ್ನಡಿ ವೈರಿನಲ್ಲಿ ಜೋತಾಡಿತು.

"ಅಣ್ಣಾ, ಅಣ್ಣಾ, ಇದು ಡೆಮೋ ಗಾಡಿ ಅಣ್ಣಾ, ನಂದಲ್ಲ" ಅಂತ ಹಾಲಸ್ವಾಮಿ ಅಳುವ ಹಾಗಾದ.

"ಹೆದರಬ್ಯಾಡಲೇ" ತಿಪ್ಪೇಶ ನಕ್ಕ. "ನಮ್ಮಣ್ಣ ಹೊಡೆಯೋದು ಬರೀ ಮರ, ಕನ್ನಡಿ."

ಸತ್ತ ಕುರಿಗಳು ಹಟ್ಟಿಗೆ ಬಂದವು, ಮನೆಮನೆಗೆ ಪಾಲಾದವು. ರಂಗೇಶ ಬಾಯಿಗಿಡಲಿಲ್ಲ. ಅಣ್ಣತಮ್ಮ ಇಬ್ಬರೂ ಅವ್ವನ ಮುಂದೆ ಕೂತರು. ಬೇಕು ಅಂದ ತಿಪ್ಪೇಶ. ಕುರಿ ತಿನ್ನುವ ಗಾಡಿ ಈ ಮನೆಗೆ ಬೇಡ ಅಂದ ರಂಗೇಶ. ಹುಚ್ಚಕ್ಕ ಎಲೆಅಡಿಕೆ ಜಗಿದು ಮುಗಿಸಿ, "ನಾನ್ಯಾಕೆ ಕೆಟ್ಟೋಳಾಗಲಿ? ಮಂಗಳವಾರ ಮಾರಮ್ಮನ್ನೇ ಕೇಳಾಣ" ಅಂದಳು.

ಕೇಳುವ ಪದ್ಧತಿ ಆ ಮನೆಯಲ್ಲಿ ಒಂದೇ. ಬೋರ್‌ವೆಲ್ಲಿಗೂ ಅದೇ, ಮದುವೆಗೂ ಅದೇ. ಟಗರನ್ನು ತೊಳೆದು, ಅರಿಶಿನ ಬಳಿದು, ಬೇವಿನ ಸರ ಹಾಕಿ ಮಾರಮ್ಮನ ಕಟ್ಟೆಯ ಮುಂದೆ ನಿಲ್ಲಿಸಿ ಬೆನ್ನ ಮೇಲೆ ನೀರು ಹಾಕುತ್ತಾರೆ. ಅದು ತಲೆಯಿಂದ ಬಾಲದವರೆಗೆ ಮೈ ಕೊಡವಿದರೆ ಅಮ್ಮ ಒಪ್ಪಿದಳು ಅಂತ. ಒಪ್ಪಿದ ಕೂಡಲೇ ಮನೆಯ ಹಿರಿಮಗ ಕಡಿಯಬೇಕು. ಮೂರು ಸಲ ನೀರು ಹಾಕಿದರೂ ಕೊಡವದಿದ್ದರೆ ಕೇಳಿದ ಕೆಲಸವನ್ನು ಬಿಟ್ಟುಬಿಡಬೇಕು. ನೀರು ಬಿದ್ದ ಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಕಿವಿಗೆ ನೀರು ಹೋದರೆ ಯಾವ ಟಗರಾದರೂ ಕೊಡವುತ್ತದೆ ಅನ್ನುವುದು ಕುರಿ ಸಾಕಿದ ಎಲ್ಲರಿಗೂ ಗೊತ್ತಿರುವುದರಿಂದಲೇ ಆ ಕಟ್ಟುಪಾಡು.

ಮಂಗಳವಾರ ಹಟ್ಟಿಯವರೆಲ್ಲ ಸೇರಿದ್ದರು. ರಂಗೇಶ ಮಸೆದ ಮಚ್ಚು ಹಿಡಿದು ನಿಂತಿದ್ದ, ಬಟ್ಟೆ ಸುತ್ತಿದ ಕೈಯಲ್ಲೇ. ಅವ್ವ ಚೊಂಬು ಎತ್ತಿ ಮೊದಲ ಸಲ ನೀರು ಹಾಕಿದಳು. ಟಗರು ಸುಮ್ಮನೆ ನಿಂತಿತು. ಎರಡನೇ ಸಲ ಹಾಕಿದಳು. ಬೇವಿನ ಎಲೆಗೆ ಬಾಯಿ ಹಾಕಿತು. ಯಾರೋ ಮುದುಕ, "ಅಮ್ಮಂಗೆ ಬಸ್ಸೇ ಸಾಕಂತೆ ಕಣ್ರಪ್ಪ" ಅಂದ. ನಗೆ ಎದ್ದಿತು. ತಿಪ್ಪೇಶನ ಮುಖ ಕಪ್ಪಿಟ್ಟಿತು. ಮೂರನೇ ಚೊಂಬು ಬಿತ್ತು. ಟಗರು ಅಲುಗಲಿಲ್ಲ.

"ಸರ ಜಾರ್ತೈತೆ" ಅಂತ ತಿಪ್ಪೇಶ ಬಗ್ಗಿದ. ಅವನ ಅಂಗೈ ಬೋಗುಣಿಯ ಹಾಗೆ ಮಡಚಿತ್ತು. ಆ ಕೈ ಟಗರಿನ ಬಲಗಿವಿಯ ಮೇಲೆ ಒಂದು ಕ್ಷಣ ನಿಂತು ಹಿಂದೆ ಬಂತು.

ಟಗರು ಕೊಡವಿತು. ನೀರು ಎಲ್ಲರ ಮೇಲೂ ಸಿಡಿಯಿತು. ಹೆಂಗಸರು ಉಧೋ ಅಂದರು.

"ಒಪ್ಪಿದ್ಲು! ಕಡಿಯಣ್ಣ."

"ಒಪ್ಪಲಿಲ್ಲ" ಅಂದ ರಂಗೇಶ. "ಕಿವಿಗೆ ನೀರು ಬಿಟ್ಟೆ ನೀನು. ನಾನು ನೋಡಿದೆ. ಇದನ್ನು ನಾನು ಕಡಿಯಲ್ಲ."

ಉಧೋ ನಿಂತುಹೋಯಿತು. ಮಾರಮ್ಮನಿಗೆ ಮೋಸ ಮಾಡಿದವನು ಎಂದು ಹಟ್ಟಿಯ ಎದುರು ಹೇಳಿಸಿಕೊಳ್ಳುವುದು ಸಣ್ಣ ಮಾತಲ್ಲ. ತಿಪ್ಪೇಶ ಬಂದವನೇ ಅಣ್ಣನ ಬಾಯಿಯ ಮೇಲೆ ಹೊಡೆದ. ಸೌದೆಯ ರಾಶಿಯಿಂದ ಅಲಗಿಲ್ಲದ ಕೊಡಲಿಯ ಕಾವು ಎಳೆದುಕೊಂಡು ಹೆಗಲಿಗೆ ಬಿಟ್ಟ, ಮೊಣಕಾಲಿಗೆ ಬಿಟ್ಟ. ಮೊಣಕಾಲಿನಲ್ಲಿ ಏನೋ ಲಟಕ್ ಅಂದಿತು. ರಂಗೇಶ ಕುಸಿದ. ಮಚ್ಚು ಕೈಯಲ್ಲೇ ಇತ್ತು.

"ಹೊಡಿಯಲೇ! ಮಚ್ಚೈತಲ್ಲ, ಹೊಡಿ! ಹದಿನೆಂಟು ವರ್ಷದಿಂದ ನನ್ನ ಹಲ್ಲು ಲೆಕ್ಕ ಕೇಳ್ತಾ ಅವೆ. ಹೊಡಿ ನೋಡಾನ!"

ಬೆನ್ನಿಗೆ ಒಂದು, ಪಕ್ಕೆಗೆ ಒಂದು. ಜನ ಮುಂದೆ ಬರಲು ನೋಡಿದರು. ಬೀಸುವ ಕಾವಿನ ಮುಂದೆ ಬರಲಾಗಲಿಲ್ಲ. ರಂಗೇಶ ತಲೆಯೆತ್ತಿದ. ತಮ್ಮನ ಮೊಣಕಾಲು ಮಚ್ಚಿಗೆ ನೇರವಾಗಿತ್ತು. ಒಂದೇ ಬೀಸು ಸಾಕಿತ್ತು. ಕೈ ಬಿಗಿಯಿತು, ಮಚ್ಚು ಒಂದು ಗೇಣು ಮೇಲೆದ್ದಿತು.

"ರಂಗಾ!" ಅವ್ವ ಕಟ್ಟೆಯ ಮೇಲಿಂದ ಕೂಗಿದಳು. "ಮಾತು ಕಣೋ, ಮಾತು!"

ತಿಪ್ಪೇಶನಿಗೆ ಅವಳು ಏನನ್ನೂ ಕೂಗಲಿಲ್ಲ. ಮಚ್ಚು ಕೆಳಗಿಳಿಯಿತು. ಮತ್ತೊಂದು ಏಟು ಕಿವಿಯ ಮೇಲೆ ಬಿದ್ದು ಲೋಕವೆಲ್ಲ ಗುಂಯ್ ಅಂದಿತು.

ಆ ಗುಂಯ್‌ಗುಟ್ಟುವಿಕೆಯ ನಡುವೆ ತನ್ನ ಬಲಗೈಯ ಮೇಲೆ ಇನ್ನೊಂದು ಕೈ ಬಂದದ್ದು ರಂಗೇಶನಿಗೆ ತಿಳಿಯಿತು. ಒರಟು ಬೆರಳು, ಹಸಿರು ಬಳೆ. ದೀಪಾ. ಅವಳು ಅವನ ಸೊಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು.

"ಬಿಡ್ರಿ" ಅಂದಳು ಮೆಲ್ಲಗೆ. "ನಾನ್ಯಾವ ಕಂಬಳೀನೂ ಮುಟ್ಟಿಲ್ಲ."

ಬಿಗಿ ಹಿಡಿದಿದ್ದರೆ ಅವಳಿಂದ ಬಿಡಿಸಲಾಗುತ್ತಿರಲಿಲ್ಲ. ಅವಳು ಏನು ಮಾಡುತ್ತಾಳೆ ಅನ್ನುವುದೂ ಅವನಿಗೆ ಗೊತ್ತಿತ್ತು. ರಂಗೇಶ ಬೆರಳು ಸಡಿಲ ಬಿಟ್ಟ.

"ಪಕ್ಕಕ್ಕೆ ಸರಿಯತ್ತಿಗೆ, ನಿನಗ್ಯಾಕೆ..." ಅಂತ ತಿಪ್ಪೇಶ ಕಾವು ಮೇಲೆತ್ತಿದ. ಅಷ್ಟರಲ್ಲಿ ಅವಳು ಮಚ್ಚು ಬೀಸಿಯಾಗಿತ್ತು. ಅದು ಎತ್ತಿದ ಕೈಯ ಮೊಣಕೈಯಿಂದ ಕೆಳಗೆ ಕೂತು ಮೂಳೆಯಲ್ಲಿ ಕಚ್ಚಿಕೊಂಡಿತು. ಅವಳು ಟಗರಿನ ತೊಡೆ ಬಿಡಿಸುವಾಗಿನ ಹಾಗೆ ಅದನ್ನು ಅಲುಗಿಸಿ ಕಿತ್ತು ಇನ್ನೊಂದು ಸಲ ಹೊಡೆದಳು. ಕಾವಿನ ಜೊತೆ ಎರಡು ಬೆರಳು ನೆಲಕ್ಕೆ ಬಿದ್ದವು. ತಿಪ್ಪೇಶ ಕೂತುಕೊಂಡು, ತೋಳನ್ನು ತೊಡೆಯ ಮೇಲಿಟ್ಟುಕೊಂಡು, ಯಾರದೋ ವಸ್ತುವಿನ ಹಾಗೆ ನೋಡಿದ. ಮೂರನೇ ಏಟಿಗೆ ಎತ್ತಿದ ಅವಳ ಕೈಯನ್ನು ಜನ ಹಿಡಿದುಕೊಂಡರು.

ತಿಪ್ಪೇಶನನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಹೊಸದುರ್ಗಕ್ಕೆ ಹೋದರು, ಅಲ್ಲಿಂದ ದುರ್ಗದ ದೊಡ್ಡಾಸ್ಪತ್ರೆಗೆ ಕಳಿಸಿದರು. ಜೀವ ಉಳಿಯಿತು, ಕೈ ಉಳಿಯಲಿಲ್ಲ. ಸಂಜೆ ಪೊಲೀಸರು ಬಂದಾಗ ದೀಪಾ ಸೀರೆ ಬದಲಿಸಿ, ಅತ್ತೆಯ ಮಾತ್ರೆ ಯಾವ್ಯಾವ ಹೊತ್ತಿಗೆ ಎಂದು ಪಕ್ಕದ ಮನೆಯ ತಿಪ್ಪಕ್ಕನಿಗೆ ಹೇಳುತ್ತಿದ್ದಳು. ಕೇಳುವ ಮೊದಲೇ "ನಾನೇ" ಅಂದು ಜೀಪು ಹತ್ತಿದಳು. ಗಂಡನ ಕಡೆ ನೋಡಲಿಲ್ಲ. ಅವನು ಮಂಚದ ಮೇಲೆ ಮುರಿದ ಮೊಣಕಾಲು ನೀಡಿಕೊಂಡು ಬಿದ್ದಿದ್ದ. ತಡೆಯುತ್ತೇನೆ ಅಂದರೂ ಏಳಲಾಗುತ್ತಿರಲಿಲ್ಲ.

ಮಾರನೇ ದಿನ ಹಾಲಸ್ವಾಮಿ ಫೋನು ಮಾಡಿ, ಬುಕ್ಕಿಂಗ್ ಏನಾಯ್ತಣ್ಣ ಅಂದ.

"ಬ್ಯಾಡಪ್ಪ" ಅಂದ ರಂಗೇಶ.

ಹುಚ್ಚಕ್ಕ ಗೋಡೆಗೆ ಒರಗಿ ಕೂತಿದ್ದಳು, ಉಸಿರಾಡುತ್ತಿದ್ದಳು. ಅವಳು ಬದುಕಿರುವವರೆಗೆ ತಮ್ಮನ ಮೇಲೆ ಕೈ ಎತ್ತುವುದಿಲ್ಲ ಎಂದಿದ್ದ ರಂಗೇಶ, ಎತ್ತಲಿಲ್ಲ. ಕೊಟ್ಟ ಮಾತು ಉಳಿಯಿತು.