ತುಂಗಮ್ಮಜ್ಜಿ ಬರೆದ ಕಾರ್ಡುಗಳು

ಸೂರ್ಯನ ಮನೆಗೆ ಸೊಸೆಯಾಗಿ ಹೋದ ಹುಡುಗಿಯ ಕಥೆಯನ್ನು ಲಿಖಿತಾ ಎಷ್ಟು ಸಲ ಕೇಳಿದ್ದಳೋ ಅವಳಿಗೇ ನೆನಪಿಲ್ಲ. ಶಿವಮೊಗ್ಗದ ರಾಗಿಗುಡ್ಡದ ಮನೆಯ ಮುಂಬಾಗಿಲಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಾ ಹೇಳುತ್ತಿದ್ದ ಕಥೆ ಅದು. ಆ ಸೊಸೆ ಒಲೆ ಹಚ್ಚುವ ಹಾಗಿಲ್ಲ, ಮಾವನ ಮನೆಯ ನೆಲವೇ ಕಾದ ಹೆಂಚು. ದೀಪ ಹಚ್ಚುವ ಹಾಗಿಲ್ಲ, ಕಟ್ಟಿಕೊಂಡ ಗಂಡನೇ ದೀಪ. ಸುಖಕ್ಕೇನೂ ಕಡಿಮೆಯಿಲ್ಲ. ಆದರೆ ತೌರು ನೆನಪಾಗಿ ಅತ್ತರೆ ಕಣ್ಣೀರು ಕೆನ್ನೆಗೆ ಇಳಿಯುವ ಮೊದಲೇ ಆರಿಹೋಗುತ್ತದೆ. ಹಾಗಾಗಿ ಅವಳು ಅಳುತ್ತಾಳೆಂಬುದೇ ಆ ಮನೆಯಲ್ಲಿ ಯಾರಿಗೂ ತಿಳಿಯದು.

ಈ ಕಥೆ ಒಂದು ದಿನ ಹತ್ತಾರು ಅಂಚೆ ಕಾರ್ಡುಗಳ ಮೇಲೆ ಹತ್ತಿ ಶಿವಮೊಗ್ಗ ಜಿಲ್ಲೆಯ ದೊಡ್ಡ ದೊಡ್ಡ ರೈಸ್‌ಮಿಲ್ಲಿನವರ ಮನೆ ಬಾಗಿಲಿಗೆ ಹೋಗುತ್ತದೆಂದು ಅಜ್ಜಿ ಕನಸಿನಲ್ಲೂ ಎಣಿಸಿರಲಿಲ್ಲ. ಎಣಿಸಿದವಳು ಲಿಖಿತಾ.

ಅವಳು ಕೆಲಸಕ್ಕಿದ್ದದ್ದು ಅದೇ ಊರಿನ ದುರ್ಗಿಗುಡಿಯಲ್ಲಿ ಜಯಕುಮಾರ್ ಇಟ್ಟುಕೊಂಡಿದ್ದ ಸೋಲಾರ್ ಕಂಪನಿಯಲ್ಲಿ. ಮನೆಗಳ ತಾರಸಿಗೆ ಒಂದೊಂದೇ ಫಲಕ ಕೂರಿಸಿ ಕೂರಿಸಿ ಜಯಕುಮಾರ್‌ಗೆ ಸಾಕಾಗಿತ್ತು. ಒಂದು ರೈಸ್‌ಮಿಲ್ಲಿನ ಚಾವಣಿ ಸಿಕ್ಕರೆ ವರ್ಷವಿಡೀ ಬೀದಿ ಬೀದಿ ಸುತ್ತುವುದು ತಪ್ಪುತ್ತದೆ. ಆದರೆ ಮಿಲ್ಲಿನ ಸಾಹುಕಾರರನ್ನು ಹಿಡಿಯುವುದು ಹೇಗೆ?

“ವಾಟ್ಸಾಪ್ ಕಳಿಸಿದ್ರೆ ಬ್ಲೂ ಟಿಕ್ಕೂ ಬೀಳಲ್ಲ ಮಾರಾಯ್ತಿ. ಫೋನ್ ಮಾಡಿದ್ರೆ ‘ಸಾಹುಕಾರ್ರು ಮೀಟಿಂಗಲ್ಲಿದಾರೆ’ ಅಂತ ಲೆಕ್ಕ ಬರೆಯೋ ರೈಟರ್ ಹೇಳ್ತಾನೆ. ಮಿಲ್ಲಲ್ಲಿ ಎಂಥ ಮೀಟಿಂಗು? ಭತ್ತದ ಮೂಟೆ ಜೊತೆನಾ?”

“ಕಾರ್ಡ್ ಬರೆಯೋಣ ಸರ್,” ಎಂದಿದ್ದಳು ಲಿಖಿತಾ. “ಪೋಸ್ಟ್ ಕಾರ್ಡು. ಕೈಯಲ್ಲೇ ಬರೆದದ್ದು. ಒಂದೊಂದರಲ್ಲಿ ಕಥೆ ಅರ್ಧಕ್ಕೆ ನಿಲ್ಲಿಸಿ.”

ಜಯಕುಮಾರ್ ಮೊದಲು ನಕ್ಕ. ಆಮೇಲೆ ಅವಳು ಬರೆದು ತಂದ ಕಾರ್ಡನ್ನು ನಿಂತಲ್ಲೇ ಓದಿ, ಕುರ್ಚಿಗೆ ಕೂತು ಇನ್ನೊಮ್ಮೆ ಓದಿದ. “ಸಹಿ ಜಾಗದಲ್ಲಿ ನಮ್ಮ ಹೆಸರಿದ್ರೆ ಸೀದಾ ಕಸದ ಬುಟ್ಟಿಗೆ. ಇದು ಯಾರ ಕಥೆ? ನಿಮ್ಮಜ್ಜೀದಾ? ಅವ್ರ ಹೆಸರೇ ಹಾಕಿಬಿಡು.”

ಆಗ ಅವಳು ಒಂದು ಗಳಿಗೆಯಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅಜ್ಜಿಗೆ ಅದೊಂದು ಮರ್ಯಾದೆಯೆಂದೇ ಅವಳಿಗೆ ಅನ್ನಿಸಿತು. ‘ಇಂತಿ ನಿಮ್ಮ ತುಂಗಮ್ಮಜ್ಜಿ’ ಎಂದು ಅಕ್ಷರವನ್ನು ಬೇಕೆಂದೇ ಸ್ವಲ್ಪ ನಡುಗಿಸಿ ಬರೆದಳು. ಅದರ ಕೆಳಗೆ ಕಂಪನಿಯ ವಿಳಾಸ, ಫೋನ್ ನಂಬರಿದ್ದ ಸಣ್ಣ ರಬ್ಬರ್ ಸ್ಟಾಂಪು: ‘ಸೂರ್ಯನನ್ನು ಮನೆ ತುಂಬಿಸಿಕೊಳ್ಳಿ’. ತುಂಗಮ್ಮಜ್ಜಿಗೆ ಓದು ಬರಹ ಬಾರದು. ಬ್ಯಾಂಕಿನಲ್ಲಿ ಈಗಲೂ ಸಹಿಯ ಜಾಗಕ್ಕೆ ಹೆಬ್ಬೆಟ್ಟು.

ವಾರಕ್ಕೊಂದು ಕಾರ್ಡು ಹೋಯಿತು. ಸಾಗರದ ಒಬ್ಬ ಸಾಹುಕಾರರು ಫೋನ್ ಮಾಡಿ, ತಮಗೆ ಮೊಮ್ಮಕ್ಕಳಿಲ್ಲ, ಈ ಕಾಗಕ್ಕ ಗುಬ್ಬಕ್ಕ ತಮಗೆ ಬೇಡ ಎಂದು ರೇಗಿದರು. ಉಳಿದವರದ್ದು ಸದ್ದಿಲ್ಲ. ಕಡೆಗೆ ಭದ್ರಾವತಿಯಿಂದ ಒಂದು ಕಾರ್ಡು ಬಂತು. ಬರೆದವರು ಓಲ್ಡ್ ಟೌನಿನ ಬಸವರಾಜೇಶ್ವರಿ, ಶಿವಮೂರ್ತಪ್ಪನವರ ಹೆಂಡತಿ. ಶಿವಮೂರ್ತಪ್ಪನವರದ್ದು ಸುತ್ತಮುತ್ತಲಿನಲ್ಲೇ ದೊಡ್ಡ ಮಿಲ್ಲು. ‘ಅಜ್ಜಿ, ಆ ಸೊಸೆ ತೌರಿಗೆ ಹೋದಳೋ ಇಲ್ಲವೋ? ನನ್ನ ಕಣ್ಣೀರೂ ಹಾಗೇ ಆರುತ್ತೆ’ ಎಂದಿತ್ತು.

ಜಯಕುಮಾರ್ ಅದನ್ನು ಓದಿ ಮೇಜು ಕುಟ್ಟಿದ. ಕಂಪ್ಯೂಟರಿನಲ್ಲಿ ಶಿವಮೂರ್ತಪ್ಪನವರ ಹೆಸರಿನ ಮುಂದೆ ‘ಹಾಟ್ ಲೀಡ್’, ಅಂದರೆ ಕೈಗೆ ಸಿಗುವಂಥ ಗಿರಾಕಿ, ಎಂದು ಬರೆಸಿ, ಕೆಂಪು ಬಣ್ಣ ಹಾಕಿಸಿದ. “ಬಿಡಬೇಡ. ಬರೀತಾನೇ ಇರು. ಸಾಹುಕಾರ್ರು ಮನೆಯವ್ರ ಮಾತು ಮೀರಲ್ವಂತೆ.”

ಲಿಖಿತಾ ಬರೆದಳು. ಆ ಕಡೆಯಿಂದಲೂ ಬಂತು. ಮೂರನೆಯ ಸಲ ಬಂದದ್ದು ಕಾರ್ಡಲ್ಲ, ಅಂಟು ಹಾಕಿದ ಲಕೋಟೆ.

‘ಅಜ್ಜಿ, ಇದನ್ನು ಯಾರಿಗೂ ಹೇಳಿಲ್ಲ. ನಮ್ಮ ಅತ್ತೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೋದರು. ಬಾಯಿಗೆ ನೀರು ಬಿಟ್ಟೆ, ನನ್ನ ಕೈಯಲ್ಲೇ ಕುಡಿದು ಕಣ್ಣು ಮುಚ್ಚಿದರು ಅಂತ ಎಲ್ಲರಿಗೂ ಹೇಳಿದ್ದೇನೆ. ಸುಳ್ಳು. ನಾನು ಕೆಳಗೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಬಂದು ನೋಡಿದರೆ ಮುಗಿದಿತ್ತು. ನಮ್ಮ ಯಜಮಾನರು ನೆಂಟರ ಮುಂದೆಲ್ಲ ನನ್ನನ್ನು ಹೊಗಳುತ್ತಾರೆ. ಆಗೆಲ್ಲ ನನಗೆ ಸಾಯೋಣ ಅನ್ನಿಸುತ್ತದೆ.’

ಊಟದ ಡಬ್ಬಿ ಮುಚ್ಚಿಟ್ಟು ಲಿಖಿತಾ ಅಲ್ಲೇ ಕೂತು ಉತ್ತರ ಬರೆದಳು. ಈ ಹೆಂಗಸನ್ನು ಹೇಗಾದರೂ ಸಮಾಧಾನಪಡಿಸಬೇಕು ಎಂಬ ಆಸೆ ಅವಳಲ್ಲಿ ಉಕ್ಕಿ ಬಂದಿತ್ತು. ಕಣ್ಣು ನಿಜವಾಗಿಯೂ ತುಂಬಿತ್ತು. ಅವಳನ್ನು ಮೋಸಗೊಳಿಸಿದ್ದೂ ಆ ತುಂಬಿದ ಕಣ್ಣೇ. ‘ಮಗಳೇ, ನನಗೂ ಹಾಗೇ ಆಗಿತ್ತು. ನನ್ನ ಗಂಡ ಹೋಗುವಾಗ ನಾನೂ ಪಕ್ಕದಲ್ಲಿರಲಿಲ್ಲ’ ಎಂದು ಬರೆದುಬಿಟ್ಟಳು.

ಅಜ್ಜ ಹೋದದ್ದು ಅಜ್ಜಿಯ ತೊಡೆಯ ಮೇಲೆ. ಅದಕ್ಕೆ ಮೊದಲಿನ ಮೂರು ದಿನವೂ ಅಜ್ಜಿ ಆ ತಲೆಯನ್ನು ಕೆಳಗಿಳಿಸಿರಲಿಲ್ಲ. ಕಾಲು ಮರಗಟ್ಟಿ, ಆಮೇಲೆ ಅವಳನ್ನು ಇಬ್ಬರು ಎತ್ತಿ ನಿಲ್ಲಿಸಬೇಕಾಯಿತು. ಲಿಖಿತಾ ಆಗ ಲಂಗದ ಹುಡುಗಿ, ಬಾಗಿಲ ಸಂದಿಯಿಂದ ಎಲ್ಲವನ್ನೂ ನೋಡಿದ್ದಳು. ನೋಡಿದ್ದರೂ ಹಾಗೆ ಬರೆದಳು. ಬರೆದು ಮುಗಿಸಿದ ಮೇಲೆ ಕೈ ರೂಢಿಯಂತೆ ರಬ್ಬರ್ ಸ್ಟಾಂಪನ್ನು ತೆಗೆದುಕೊಂಡು ಆ ಕಾಗದದ ಕೆಳಗೂ ಒತ್ತಿತು.

ಹತ್ತು ದಿನ ಕಳೆದು ಶಿವಮೂರ್ತಪ್ಪನವರೇ ಫೋನ್ ಮಾಡಿದರು. “ನಮ್ಮನೇವ್ರು ಅಜ್ಜೀನ ನೋಡ್ಬೇಕು ಅಂತ ಹಟ ಹಿಡಿದಿದಾರೆ. ಕರ್ಕೊಂಡು ಬನ್ನಿ. ಹಂಗೇ ಆ ಸೋಲಾರಿನ ಕಾಗದ ಪತ್ರಾನೂ ತನ್ನಿ, ನೋಡೋಣ.”

ಜಯಕುಮಾರ್ ಇಡೀ ಆಫೀಸಿಗೆ ಬೆಣ್ಣೆ ದೋಸೆ ತರಿಸಿದ. ಲಿಖಿತಾ ತನ್ನ ಪಾಲಿನದನ್ನು ಪಕ್ಕದ ಮೇಜಿನವರಿಗೆ ಕೊಟ್ಟಳು.

ಅಜ್ಜಿಗೆ ಮಾತ್ರ ಅವಳು ಹೇಳಿದ್ದು ಇಷ್ಟೇ: “ಭದ್ರಾವತೀಲಿ ಒಬ್ರಿಗೆ ನಿನ್ನ ಕಥೆ ಅಂದ್ರೆ ಪ್ರಾಣ ಅಂತೆ ಅಜ್ಜಿ. ನಾನು ಸ್ವಲ್ಪ ಹೇಳಿದ್ದೆ. ನಿನ್ನ ಬಾಯಲ್ಲೇ ಕೇಳ್ಬೇಕಂತೆ.”

“ನನ್ನ ಬಾಯಲ್ಲಿ ಹಲ್ಲೆಲ್ಲಿದೆ ಕಣೇ,” ಎಂದು ಅಜ್ಜಿ ಬಾಯಿ ಮುಚ್ಚಿಕೊಂಡು ನಕ್ಕಳು. ಆದರೆ ಮದುವೆಗಳಿಗೆ ಉಡುವ ಹಸಿರು ಸೀರೆ ತೆಗೆದಳು. ಬಸ್ಸಿನಲ್ಲಿ ಹೇಳಿಬಿಡಬೇಕು ಎಂದುಕೊಂಡಿದ್ದಳು ಲಿಖಿತಾ. ಅಜ್ಜಿ ಕಿಟಕಿಗೆ ಮುಖ ಕೊಟ್ಟು ಹೆಣ್ಣು ನೋಡಲು ಹೊರಟವಳಂತೆ ಸಂಭ್ರಮದಲ್ಲಿದ್ದಳು. ಇಳಿಯುವ ಮೊದಲು ಹೇಳುತ್ತೇನೆ ಎಂದುಕೊಂಡಳು. ಭದ್ರಾವತಿಯೇ ಬಂತು.

ಓಲ್ಡ್ ಟೌನಿನ ಆ ಮನೆಯಲ್ಲಿ ಬಸವರಾಜೇಶ್ವರಿ ಬಾಗಿಲಲ್ಲೇ ನಿಂತಿದ್ದರು. ಹಣೆಯ ಮೇಲೆ ವಿಭೂತಿ, ಐವತ್ತರ ಹತ್ತಿರದ ವಯಸ್ಸು. ಅಜ್ಜಿಯನ್ನು ಕಂಡವರೇ ಬಗ್ಗಿ ಎರಡೂ ಕಾಲು ಹಿಡಿದರು. ಅಜ್ಜಿ ಗಾಬರಿಯಾಗಿ, “ಏಳವ್ವ, ಏಳು, ನಾನ್ಯಾವ ದೊಡ್ಡೋಳು,” ಎಂದಳು.

ಒಳಗೆ ಮಂಡಕ್ಕಿ, ಮಿರ್ಚಿ, ಕಾಫಿ ಬಂದವು. ಶಿವಮೂರ್ತಪ್ಪನವರು ಒಂದು ಕಡೆ ಕೂತು ಲಿಖಿತಾ ಕೊಟ್ಟ ಕಾಗದಗಳನ್ನು ಮಗುಚುತ್ತಿದ್ದರು. ಬಸವರಾಜೇಶ್ವರಿ ಅಜ್ಜಿಯ ಪಕ್ಕವೇ ಕೂತರು.

“ನಿಮ್ಮ ಅಕ್ಷರ ಎಷ್ಟು ಮುದ್ದಾಗಿದೆ ಅಜ್ಜಿ. ಈ ವಯಸ್ಸಲ್ಲೂ.”

ಅಜ್ಜಿಯ ಕೈಯಲ್ಲಿ ಕಾಫಿ ಲೋಟವಿತ್ತು. ಅದನ್ನು ಕೆಳಗಿಟ್ಟು ಎರಡೂ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿಕೊಂಡಳು. ಲಿಖಿತಾಳ ಕಡೆ ಒಮ್ಮೆ ನೋಡಿದಳು. ಕೋಪದ ನೋಟವಲ್ಲ. ಜಾತ್ರೆಯ ಗದ್ದಲದಲ್ಲಿ ಕೈತಪ್ಪಿದ ಮಗು ಇದೇನಾ ಎಂದು ಗುರುತು ಹಿಡಿಯುವವಳಂತೆ ನೋಡಿದಳು. ಲಿಖಿತಾ ತಟ್ಟೆಯ ಮಂಡಕ್ಕಿಗೆ ಕಣ್ಣು ನೆಟ್ಟಳು.

“ಅಕ್ಷರದ್ದೇನವ್ವ,” ಎಂದಳು ಅಜ್ಜಿ. “ಅದು ಹಂಗೇ ಬಂದುಬಿಡುತ್ತೆ.”

ಶಿವಮೂರ್ತಪ್ಪನವರು ಫೋನ್ ಬಂತೆಂದು ಹೊರಗೆದ್ದು ಹೋದರು. ಬಸವರಾಜೇಶ್ವರಿ ಸೆರಗಿನೊಳಗಿದ್ದ ಅಜ್ಜಿಯ ಕೈಯನ್ನು ತಾವೇ ಹೊರಗೆಳೆದು ಹಿಡಿದುಕೊಂಡರು. ದನಿ ತಗ್ಗಿತು.

“ಆ ಕಾಗದ ಬಂದ ದಿನ ನಾನು ಹೊಟ್ಟೆ ತುಂಬ ಊಟ ಮಾಡ್ದೆ ಅಜ್ಜಿ. ಅತ್ತೆ ಹೋದ ಮೇಲೆ ಅವತ್ತೇ ಮೊದಲು. ನಿಮ್ಮಂಥೋರಿಗೇ ಹಂಗಾಗಿರೋವಾಗ ನಾನು ಯಾವ ಲೆಕ್ಕ ಅಂದ್ಕೊಂಡೆ. ನಿಮ್ಮ ಯಜಮಾನ್ರು ಹೋಗೋವಾಗ ನೀವೂ ಪಕ್ಕದಲ್ಲಿ ಇರಲಿಲ್ವಂತಲ್ಲ?”

ಗೋಡೆಯ ಫ್ಯಾನು ಒಂದು ಸುತ್ತು ಆ ಕಡೆ ತಿರುಗಿ ಈ ಕಡೆ ಬಂತು. ಅಜ್ಜಿ ಈಗ ‘ಪಕ್ಕದಲ್ಲೇ ಇದ್ದೆ’ ಎಂದರೆ ಎಲ್ಲವೂ ಮುಗಿಯುತ್ತದೆ. ಮುಗಿಯಲಿ, ‘ಇದ್ದೆ’ ಎಂದುಬಿಡಲಿ ಎಂದು ಲಿಖಿತಾ ಒಳಗೊಳಗೇ ಬೇಡಿಕೊಂಡಳು. ಎದ್ದು ನಿಂತು ತಾನೇ ಹೇಳಬಹುದಿತ್ತು. ಏಳಲಿಲ್ಲ. ತೊಡೆಯ ಮೇಲಿದ್ದ ಕಂಪನಿಯ ಫೈಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

“ಹೌದವ್ವ,” ಎಂದಳು ಅಜ್ಜಿ. “ಇರಲಿಲ್ಲ.”

ಬಸವರಾಜೇಶ್ವರಿ ಅಜ್ಜಿಯ ಭುಜಕ್ಕೆ ಹಣೆಯಿಟ್ಟು ಅತ್ತರು. ಅಜ್ಜಿ ಅವರ ಬೆನ್ನು ಸವರುತ್ತಾ ಕೂತಳು. “ನೀರು ಯಾರು ಬಿಟ್ರೇನವ್ವ,” ಎಂದಳು ಆಮೇಲೆ. “ಎಷ್ಟು ವರ್ಷ ಅವ್ರಿಗೆ ಅನ್ನ ಇಕ್ಕಿದ್ಯೋ, ಅದು ಹೊಟ್ಟೇಲಿರ್ಲಿಲ್ವಾ ಅವ್ರಿಗೆ?”

ಅಂಥ ಮಾತು ಲಿಖಿತಾಳ ಯಾವ ಕಾರ್ಡಿನಲ್ಲೂ ಇರಲಿಲ್ಲ.

ಶಿವಮೂರ್ತಪ್ಪನವರು ಒಳಗೆ ಬಂದು ಹೆಂಡತಿಯ ಕೆಂಪು ಕಣ್ಣನ್ನೂ, ಹಗುರಾದ ಮುಖವನ್ನೂ ನೋಡಿದರು. ಜೇಬಿನಿಂದ ಪೆನ್ನು ತೆಗೆದರು. “ನೀವು ಹೇಳಿ ಅಜ್ಜಿ. ಈ ಕಂಪನಿ ನಂಬಬಹುದಾ? ನೀವು ಹ್ಞೂಂ ಅಂದ್ರೆ ಮಿಲ್ಲಿಗೂ ಹಾಕಿಸ್ತೀನಿ, ಗೋಡೌನಿಗೂ ಹಾಕಿಸ್ತೀನಿ.”

ಅಜ್ಜಿ ಲಿಖಿತಾಳ ಕಡೆ ಕೈ ತೋರಿಸಿದಳು.

“ಕಂಪನಿ ವಿಷಯ ನಂಗೊತ್ತಿಲ್ಲಪ್ಪ. ಇವಳು ನನ್ನ ಮೊಮ್ಮಗಳು. ಅಷ್ಟೇ ನಂಗೊತ್ತಿರೋದು.”

“ಅದಕ್ಕಿಂತ ಇನ್ನೇನು ಬೇಕು!” ಎಂದು ಶಿವಮೂರ್ತಪ್ಪನವರು ನಗುತ್ತಾ ಸಹಿ ಹಾಕಿದರು.

ವಾಪಸ್ ಬರುವ ಬಸ್ಸಿನಲ್ಲಿ ಅಜ್ಜಿಯ ಮಡಿಲಿನಲ್ಲಿ ಆ ಮನೆಯವರು ಕೊಟ್ಟ ತೆಂಗಿನಕಾಯಿ, ಕುಪ್ಪಸದ ಕಣ ಇದ್ದವು. ಲಿಖಿತಾಳ ಬ್ಯಾಗಿನೊಳಗಿದ್ದ ಫೋನು ಜಯಕುಮಾರನ ಕರೆಗೆ ಬಡಿದುಕೊಳ್ಳುತ್ತಲೇ ಇತ್ತು. ಅವಳು ತೆಗೆಯಲಿಲ್ಲ. ಅಜ್ಜಿ ಬೈಯಲಿ, ಎಲ್ಲರೆದುರು ಕೆನ್ನೆಗೊಂದು ಬಿಡಲಿ ಎಂದು ಕಾದಳು. ಮಾಚೇನಹಳ್ಳಿ ದಾಟಿತು. ಕಿವಿಯ ತುದಿಯವರೆಗೂ ಕಾವು ಏರಿ, ಪಕ್ಕಕ್ಕೆ ತಿರುಗಲೂ ಆಗದೆ, ಎದುರು ಸೀಟಿನ ಕಂಬಿಗೇ ಹೇಳಿದಳು: “ತಪ್ಪಾಯ್ತು ಅಜ್ಜಿ.”

“ಅದಿರ್ಲಿ,” ಎಂದಳು ಅಜ್ಜಿ. “ಸೋಮವಾರ ಮತ್ತೆ ಬಾ ಅಂದಿದಾಳೆ, ಕಾರು ಕಳಿಸ್ತಾಳಂತೆ. ಬರ್ತೀನಿ ಅಂದಿದೀನಿ. ನಿಮ್ಮಜ್ಜ ಹೋಗೋವಾಗ ನಾನು ಎಲ್ಲಿಗೆ ಹೋಗಿದ್ದೆ ಅಂತ ಬರ್ದಿದೀಯ?”

ಲಿಖಿತಾ ಬ್ಯಾಗಿನ ಪಟ್ಟಿ ತಿರುಚಿದಳು. “ಅಂಗಡಿಗೆ... ಎಲೆ ತರಕ್ಕೆ.”

“ವೀಳ್ಯದೆಲೆನಾ? ಯಾರಿಗೆ, ನಂಗಾ?”

“ಹೌದು.”

“ಗಂಡ ಉಸಿರು ಎಳೀತಿರೋವಾಗ ನಾನು ಎಲೆ ತರಕ್ಕೆ ಹೋಗಿದ್ದೆ.” ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಯಾರೋ ಕೊಟ್ಟ ಪದಾರ್ಥಕ್ಕೆ ಉಪ್ಪು ನೋಡುವವಳಂತಿದ್ದಳು. “ಯಾವ ಅಂಗಡಿ?”

“ಅದು ಬರ್ದಿಲ್ಲ.”

“ಬರೀಬೇಕಿತ್ತು. ಅವಳು ಕೇಳ್ದೆ ಬಿಡ್ತಾಳಾ? ಚೌಡಮ್ಮನ ಅಂಗಡಿ ಅಂತೀನಿ. ಅದು ದೂರ ಇತ್ತು ಆಗ, ಓಡಿ ಬಂದ್ರೂ ಹೊತ್ತಾಗ್ತಿತ್ತು.” ಅಜ್ಜಿ ತೆಂಗಿನಕಾಯಿಯನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡಳು. ತುಟಿಗಳು ಸ್ವಲ್ಪ ಹೊತ್ತು ಸದ್ದಿಲ್ಲದೆ ಆಡಿದವು. ಆಮೇಲೆ ಇಷ್ಟು ವರ್ಷವೂ ಅವಳು ಕಥೆ ಹೇಳುತ್ತಿದ್ದ ಅದೇ ದನಿಯಲ್ಲಿ ಶುರು ಮಾಡಿದಳು: “ಅವತ್ತು ಬೆಳಿಗ್ಗೆ ನಿಮ್ಮಜ್ಜನಿಗೆ ಸ್ವಲ್ಪ ವಾಸಿ ಅನ್ಸಿತ್ತು. ಮನೇಲಿ ಎಲೆ ಮುಗಿದಿತ್ತು. ಒಂದು ಗಳಿಗೆ ತಾನೇ ಅಂತ ನಾನು ಅವರ ತಲೆ ಕೆಳಗಿಳಿಸಿ...”

ಅಲ್ಲಿಗೆ ಮಾತು ನಿಂತಿತು. ಅಜ್ಜಿ ಕಣ್ಣು ಮುಚ್ಚಿಕೊಂಡಳು. ಬಸ್ಸು ಕುಲುಕಿದಾಗ ಕಾಯಿ ಉರುಳದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಹ್ಞೂಂ ಅನ್ನೇ,” ಎಂದಳು. “ಯಾರಾದ್ರೂ ಹ್ಞೂಂ ಅಂದ್ರೆ ತಾನೇ ಮುಂದೆ ಹೇಳಕ್ಕಾಗೋದು.”

ಲಿಖಿತಾ ತಲೆ ತಗ್ಗಿಸಿ, ಹ್ಞೂಂ ಎಂದಳು.