ತಿದ್ದಿದ ತಾಳ

ದೌಲತರಾಯ ಕ್ಯಾಸೆಟ್ ಹಾಕಿ ಗುಂಡಿ ಒತ್ತಲು ಬಗ್ಗಿದ್ದ. ಅಷ್ಟರಲ್ಲಿ ತುಳಜಾಬಾಯಿ ಎದ್ದು ಬಂದು ಟೇಪ್ ರೆಕಾರ್ಡರಿನ ವೈರನ್ನು ಗೋಡೆಯಿಂದ ಕಿತ್ತಳು.

"ಹಚ್ಚಬ್ಯಾಡ್ರಿ ಅಣ್ಣಾ."

ಅಂಗಳದಲ್ಲಿ ಅಳುತ್ತಿದ್ದ ಹೆಂಗಸರು ಸುಮ್ಮನಾದರು. ಗೋಡೆಗೆ ಆನಿಸಿ ಕೂಡಿಸಿದ್ದ ಅಪ್ಪ ಬೀರಣ್ಣನ ಹೆಣದ ಹಣೆಗೆ ಭಂಡಾರದ ಅರಿಶಿನ ಹಚ್ಚುತ್ತಿದ್ದ ರೇವಮ್ಮ ತಾಯಿಯ ಕಡೆ ತಿರುಗಿದಳು.

"ಯಾಕ ತಂಗಿ? ನಿಂಬರ್ಗಾದಾಗ ಬೀರಣ್ಣನ ಹಂಗ ತಬಲಾ ಬಾರಿಸವ ಯಾರಿದ್ರು? ಹೋಗೂ ಹೊತ್ತಿನಾಗರೆ ಅವನ ಕೈ ಮಂದಿ ಕಿವಿಗಿ ಬೀಳಲಿ," ಎಂದ ದೌಲತರಾಯ. ಭಜನೆ ಮೇಳದಲ್ಲಿ ಹಾರ್ಮೋನಿಯಂ ಅವನದು.

"ಅದು ಅವರ ಕೈ ಅಲ್ರಿ."

ದುಃಖದಲ್ಲಿ ಏನೋ ಅಂದಳೆಂದು ಮಂದಿ ತಿಳಿದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಶರಫುದ್ದೀನ ಮಾತ್ರ ಅಲ್ಲೇ ನಿಂತ. ಸುದ್ದಿ ತಿಳಿದು ಆಳಂದದಿಂದ ಬಸ್ಸಿಗೆ ಬಂದಿದ್ದ. ಆ ಕ್ಯಾಸೆಟ್ ಮಾಡಿದವನು ಅವನೇ.

*

ತೊಂಬತ್ತೇಳರ ದೀಪಾವಳಿ ಕಳೆದ ಮೇಲೆ ಗಂಡ ಹೆಂಡತಿ, ದೌಲತರಾಯ ಮೂವರೂ ಕ್ಯಾಸೆಟ್ ಮಾಡಿಸಲು ಆಳಂದಕ್ಕೆ ಹೋಗಿದ್ದರು. ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಖೋಲಿಯಲ್ಲಿ ಶರಫುದ್ದೀನನ ಸ್ಟುಡಿಯೊ. ಸೋಲಾಪುರದಿಂದ ತಂದ ಹಳೆಯ ಕಂಪ್ಯೂಟರು, ಎರಡೇ ಮೈಕು. ಹಾಗಾಗಿ ಮೊದಲು ತುಳಜಾಬಾಯಿಯ ಹಾಡು, ದೌಲತರಾಯನ ಹಾರ್ಮೋನಿಯಂ ರೆಕಾರ್ಡ್ ಮಾಡಿಕೊಂಡ. ಆಮೇಲೆ ಬೀರಣ್ಣ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆ ಹಾಡು ಕೇಳುತ್ತ ತಬಲಾ ಬಾರಿಸಿದ. ಎಡಕ್ಕೊಂದು ಮೈಕು, ಬಲಕ್ಕೊಂದು.

ಹೀಗೆ ಆಮೇಲೆ ರೆಕಾರ್ಡ್ ಮಾಡಿದ ಸದ್ದನ್ನು ಆ ಮಷೀನು ಒಂದು ಕೂದಲೆಳೆ ತಡ ಮಾಡಿ ಕೂಡಿಸುತ್ತಿತ್ತು. ಶರಫುದ್ದೀನನಿಗೆ ಅದು ರೂಢಿ. ಪರದೆಯ ಮೇಲಿನ ಸದ್ದಿನ ಗೆರೆಯನ್ನು ಅಷ್ಟೇ ಮುಂದಕ್ಕೆ ಎಳೆದರೆ ಹಾಡಿಗೆ ತಾಳ ಕೂಡುತ್ತಿತ್ತು. ಅಂದೂ ಎಳೆದ. ಬಲಗೈಯ ಪೆಟ್ಟು ಕೂಡಿತು. ಎಡಗೈಯದು ಕೂಡಲಿಲ್ಲ. ಮತ್ತೆ ಎಳೆದರೆ ಮುಂದಿನ ಸಾಲಿನಲ್ಲಿ ಇನ್ನಷ್ಟು ಹಿಂದೆ ಬಿತ್ತು. ಮಷೀನಿನ ತಪ್ಪಾದರೆ ಮೊದಲಿಂದ ಕೊನೆತನಕ ಒಂದೇ ಸಮನಿರಬೇಕು.

ಬೀರಣ್ಣ, ದೌಲತರಾಯ ಚಹಾಕ್ಕೆ ಹೋಗಿದ್ದರು.

"ಅಕ್ಕಾ, ಇದು ಮಷೀನಿಂದಲ್ಲ. ಅಣ್ಣನ ಎಡಗೈ ಹಿಂದ ಬೀಳಾಕತ್ತದ. ಯಾರಿಗಾರ ತೋರಸ್ರಿ."

ತುಳಜಾಬಾಯಿ ಸೆರಗಿನ ತುದಿ ಹಿಂಡುತ್ತ ಕೂತಳು. "ನನಗ ಗೊತ್ತದ ಭಾಯಿ. ಮನ್ಯಾಗ ಅವರ ಕೈ ಬರೂತನಕ ನಾನೇ ಹಾಡು ತಡೀತೇನಿ. ನಿಮ್ಮ ಮಷೀನು ತಡೀಲಿಲ್ಲ." ಬಾಗಿಲ ಕಡೆ ನೋಡಿ ಹೇಳಿದಳು: "ಅವರಿಗಿ ಹೇಳಬ್ಯಾಡ್ರಿ. ತಬಲಾ ಬಿಟ್ರ ಅವರಿಗಿ ಏನದ? ತೊಗರಿ ರಾಶಿ ಮುಗೀಲಿ, ದವಾಖಾನಿಗಿ ನಾ ಕರಕೊಂಡು ಹೋಗ್ತೇನಿ."

ಶರಫುದ್ದೀನ ಒಂದೊಂದೇ ಪೆಟ್ಟನ್ನು ಎಳೆದು ಅದರ ಜಾಗಕ್ಕೆ ಕೂಡಿಸಿದ.

ಬೀರಣ್ಣ ಬಂದು ಕಣ್ಣು ಮುಚ್ಚಿ ಪೂರ್ತಿ ಕೇಳಿದ. "ಎಡಗೈ ಯಾಕೋ ಭಾರ ಅನಸಾಕತ್ತಿತ್ತು. ಏನೂ ಇಲ್ಲ ನೋಡು," ಎಂದು ನಕ್ಕ.

ರಾಶಿ ಮುಗಿಯಿತು. ತುಳಜಾಬಾಯಿ ದವಾಖಾನೆಯ ಮಾತು ತೆಗೆದಾಗಲೆಲ್ಲ ಅವನು ಕ್ಯಾಸೆಟ್ ಹಚ್ಚಿ ಕೇಳಿಸುತ್ತಿದ್ದ.

*

ಆ ಕ್ಯಾಸೆಟ್ ಕೇಳಿಯೇ ಮರುವರ್ಷ ಮಣ್ಣೂರಿನವರು ಮೇಳವನ್ನು ಭಜನೆಗೆ ಕರೆಸಿದರು. ಭೀಮಾ ದಂಡೆಯ ಊರು, ಮಂದಿ ಬಹಳ ಕೂಡಿತ್ತು. ಬೀರಣ್ಣನ ಕೈ ಬರುವತನಕ ತುಳಜಾಬಾಯಿ ಹಾಡನ್ನು ತಡೆದಳು. ದೌಲತರಾಯ ತಡೆಯಲಿಲ್ಲ. ತಾಳ ಹರಿದುಹೋಗಿ ಮಂದಿ ನಗತೊಡಗಿದಾಗ ಅವನು ಹಾರ್ಮೋನಿಯಂ ನಿಲ್ಲಿಸಿ ಮೈಕಿನಲ್ಲಿ ಹೇಳಿಬಿಟ್ಟ: "ತಪ್ಪು ತಿಳಕೋಬ್ಯಾಡ್ರಿ, ಬೀರಣ್ಣ ಇವತ್ತ ಒಂದೀಟು ಕುಡದಾನ."

ಬೀರಣ್ಣ ಹುಟ್ಟಿದಾಗಿನಿಂದ ಸೆರೆ ಮುಟ್ಟಿದವನಲ್ಲ. ತಬಲಾದ ಮೇಲೆ ಬಟ್ಟೆ ಹೊದಿಸಿ ಕೆಳಗಿಳಿದ.

ಗುಲಬರ್ಗಾದ ಡಾಕ್ಟರು ತಲೆಯ ಫೋಟೊ ತೆಗೆಸಿ, ಒಳಗೆ ಗಂಟು ಬೆಳೆದಿದೆ ಎಂದರು. ಕೈ ಯಾವಾಗಿನಿಂದ ಹೀಗೆ ಎಂದು ಕೇಳಿದರು.

"ಮೊನ್ನೆ ಮಣ್ಣೂರಾಗ್ರಿ," ಎಂದ ಬೀರಣ್ಣ. "ಅದಕ್ಕೂ ಮೊದಲ ಬರೋಬ್ಬರಿ ಇತ್ತು. ನಂದು ಕ್ಯಾಸೆಟ್ ಅದ, ಬೇಕಾದ್ರ ಕೇಳ್ರಿ."

ಹಿಂದೆ ನಿಂತಿದ್ದ ತುಳಜಾಬಾಯಿ ಬಾಯಿ ಬಿಟ್ಟಳು. "ವರ್ಷದ ಮ್ಯಾಲಾತ್ರಿ. ಕ್ಯಾಸೆಟ್‌ನಾಗ ತಿದ್ದಿಸಿದ್ದು."

ಬೀರಣ್ಣ ತಿರುಗಿ ಅವಳನ್ನು ನೋಡಿದ. ಆಗಲೇ ಬಂದಿದ್ದರೆ ತೆಗೆಯಬಹುದಿತ್ತು ಎಂದು ಡಾಕ್ಟರು ಹೇಳುತ್ತಿದ್ದರು. ಬಸ್ಸಿನಲ್ಲಿ ಅವನು ಬೇರೆ ಸೀಟಿನಲ್ಲಿ ಕೂತ. ಹಾಸಿಗೆ ಹಿಡಿದ ಮೇಲೆ ನೀರು, ಗಂಜಿ ಬೇಕಾದರೆ ಮಗಳನ್ನು ಕರೆಯುತ್ತಿದ್ದ.

*

ಹೆಣ ಎತ್ತುವ ಮೊದಲು ತುಳಜಾಬಾಯಿ ಶರಫುದ್ದೀನನ ಬಳಿ ಬಂದು ಕೂತಳು.

"ಭಾಯಿ, ತಿದ್ದೂಕಿಂತ ಮೊದಲಿನದು ನಿಮ್ಮ ಹಂತ್ಯಾಕ ಅದ ಏನ್ರಿ? ಎಡಗೈ ಹಿಂದ ಬಿದ್ದದ್ದು. ಅದನ್ನ ಕೇಳಬೇಕಾಗ್ಯದ."

ಶರಫುದ್ದೀನ ನೆಲ ನೋಡಿದ. "ಕಂಪ್ಯೂಟರನಾಗ ಜಾಗಾ ಸಾಲಲಿಲ್ಲ ಅಕ್ಕಾ. ಮುಂದಿನ ಮಂದಿ ಬಂದ್ರು. ಅಳಿಸಿಬಿಟ್ಟೆ."

ಅವಳು ತಲೆಯಾಡಿಸಿದಳು, ಅಂಗಡಿಯಲ್ಲಿ ಏನೋ ಇಲ್ಲವೆಂದಾಗ ಆಡಿಸುವ ಹಾಗೆ.

ತೊಗರಿ ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಬೀರಣ್ಣನನ್ನು ಇಳಿಸಿ ಮಣ್ಣು ಎಳೆಯತೊಡಗಿದಾಗ, ಹಾಡು ಶುರು ಮಾಡ್ರಿ ಎಂದು ಯಾರೋ ಅಂದರು. ಮಂದಿ ತುಳಜಾಬಾಯಿಯ ಕಡೆ ನೋಡಿದರು. ಅವಳು ದೌಲತರಾಯನ ಕಡೆ ನೋಡಿದಳು. ಕೊರಳಿಗೆ ಕಟ್ಟಿಕೊಂಡ ಹಾರ್ಮೋನಿಯಮ್ಮಿನ ತಿದಿಯನ್ನು ಅವನ ಎಡಗೈ ಒತ್ತುತ್ತಲೇ ಇತ್ತು. ಬಲಗೈ ಸ್ವರದ ಮನೆಗಳ ಮೇಲಿತ್ತು, ಬೀರಣ್ಣನ ಕೈ ಬರುವತನಕ ತಡೆದವನ ಹಾಗೆ ಬೆರಳು ಮಾತ್ರ ಇಳಿಯಲಿಲ್ಲ. ಮಣ್ಣು ಬೀಳುವ ಸದ್ದಿನ ನಡುವೆ, ಹಾರ್ಮೋನಿಯಂ ಪೆಟ್ಟಿಗೆಯೊಳಗೆ ಗಾಳಿ ತುಂಬುತ್ತಿತ್ತು, ಸೋರುತ್ತಿತ್ತು.