ಅಳಿಸಿದ ಒಂದು ಸಾಲು

ಹೊಸದುರ್ಗದಿಂದ ದ್ಯಾಮಮ್ಮನ ಫೋನ್ ಬಂದಾಗ ಅನುಸೂಯ ಊಟದ ಡಬ್ಬಿ ಬಿಚ್ಚುತ್ತಿದ್ದಳು. ದ್ಯಾಮಮ್ಮ ಅಲ್ಲಿನ ರಕ್ತದಾನಿಗಳ ಸಂಘದ ಕಚೇರಿ ನೋಡಿಕೊಳ್ಳುವವಳು.

"ಅನುಸೂಯಮ್ಮ, ನಿಮ್ ಹೊಸ ಪ್ರೋಗ್ರಾಮು ಬೆಳಿಗ್ಗೆಯಿಂದ ತೆರೀತಾನೇ ಇಲ್ಲ. ಇಲ್ಲಿ ಬಾಣಂತಿಗೆ ರಕ್ತ ನಿಲ್ತಾ ಇಲ್ಲ. ಓ ನೆಗೆಟಿವ್ ಬೇಕು. ಯಾವ ಊರಾಗೆ ಯಾರವ್ರೆ ಅಂತ ನೋಡಾಕೆ ಆಗ್ತಿಲ್ಲ. ಚಿತ್ರದುರ್ಗದ ಕಚೇರಿಗೆ ಎಷ್ಟು ಸಲ ಮಾಡಿದ್ರೂ ಎಂಗೇಜು!"

ಡಬ್ಬಿಯನ್ನು ಹಾಗೇ ಬಿಟ್ಟು ಅನುಸೂಯ ಆಟೋ ಹಿಡಿದಳು. ಪ್ರೋಗ್ರಾಂ ಓಡುವ ಮುಖ್ಯ ಕಂಪ್ಯೂಟರ್, ಸರ್ವರ್, ಇದ್ದದ್ದು ಚಿತ್ರದುರ್ಗದ ಸಂಘದ ಕಚೇರಿಯಲ್ಲೇ. ಅಲ್ಲಿ ಅಧ್ಯಕ್ಷ ಮುರುಗೇಶಪ್ಪನವರು ಹಿಂದಿನ ದಿನದ ಉದ್ಘಾಟನೆ ಎಷ್ಟು ಚೆನ್ನಾಗಿ ಆಯಿತೆಂದು ಯಾರಿಗೋ ಫೋನಿನಲ್ಲಿ ಬಣ್ಣಿಸುತ್ತಿದ್ದರು. ಅವಳು ರಿಸೀವರ್ ಕಸಿದುಕೊಂಡು ಕರೆ ಕತ್ತರಿಸಿದಳು. ಸರ್ವರ್ ಮುಂದೆಯೇ ಕುಳಿತು ಹುಡುಕಿದಾಗ ಹೊಳಲ್ಕೆರೆಯ ಓಬಳೇಶ್ ಮೇಷ್ಟ್ರ ಹೆಸರು ಸಿಕ್ಕಿತು. ಅವಳು ಫೋನ್ ಮಾಡಿದ್ದೇ ಮೇಷ್ಟ್ರು ಪಾಠ ಅಲ್ಲಿಗೇ ನಿಲ್ಲಿಸಿ ಹೊಸದುರ್ಗಕ್ಕೆ ಬೈಕ್ ಹತ್ತಿದರು.

ಮುರುಗೇಶಪ್ಪನವರ ಮುಖ ಇಳಿದುಹೋಗಿತ್ತು. "ಹಿರಿಯೂರಿಗೆ ತೆರೀತೈತೆ, ಹೊಸದುರ್ಗಕ್ಕೆ ಯಾಕವ್ವ ತೆರೀಲಿಲ್ಲ?"

"ಅದನ್ನೇ ನೋಡ್ತೀನಿ, ಯಜಮಾನ್ರೇ."

ಅದು ಎರಡು ಸಾವಿರದ ಒಂಬತ್ತು. ಸಂಘದ ಹಿರಿಯೂರು ಕಚೇರಿ ಹೊಸ ಕಟ್ಟಡಕ್ಕೆ ಹೋಗಿತ್ತು. ಅಲ್ಲಿನ ಜಾಲ ಕೊಡುತ್ತಿದ್ದದ್ದು ಹೊಸ ಮಾದರಿಯ ಉದ್ದನೆಯ ಇಂಟರ್ನೆಟ್ ವಿಳಾಸ ಮಾತ್ರ. ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಇನ್ನೂ ಚುಕ್ಕಿಯಿಟ್ಟ ನಾಲ್ಕು ಸಂಖ್ಯೆಗಳ ಹಳೇ ವಿಳಾಸವೇ. ಎರಡೂ ಬಗೆಯವರಿಗೆ ಒಂದೇ ಪ್ರೋಗ್ರಾಂ ಬೇಕೆಂದು ಸಂಘ ಕೇಳಿತ್ತು. ಕಿರಣ್‌ಕುಮಾರನ ಸಣ್ಣ ಕಂಪನಿ ಕೆಲಸ ಒಪ್ಪಿಕೊಂಡಿತು, ಬರೆದವಳು ಅಲ್ಲಿ ಕೆಲಸಕ್ಕಿದ್ದ ಅನುಸೂಯ. ಹೊರಗಿನ ಯಂತ್ರಗಳು ಬಂದು ಸೇರುವ ಸಾಕೆಟ್ಟನ್ನು ಅವಳು ಹೊಸ ಮಾದರಿಯಲ್ಲಿ ತೆರೆದು, ಹಳೇ ವಿಳಾಸದಿಂದ ಬಂದವರನ್ನೂ ಸೇರಿಸಿಕೋ ಎಂದು ಒಂದು ಸಾಲು ಬರೆದಿದ್ದಳು. ಪ್ರತಿ ಊರಿನಿಂದಲೂ ಒಮ್ಮೆ ತೆರೆದು ನೋಡಲು ಒಂದು ದಿನ ಕೊಡಿ ಎಂದು ಕಿರಣನನ್ನು ಕೇಳಿಕೊಂಡಿದ್ದಳು.

"ಉದ್ಘಾಟನೆ ಕಾರ್ಡು ಹಂಚಿ ಆಗೈತೆ," ಎಂದಿದ್ದ ಕಿರಣ್. "ನನ್ ಲ್ಯಾಪ್‌ಟಾಪ್‌ನಾಗೆ ಎಲ್ಲಾ ಓಡ್ತೈತೆ. ಸುಮ್ನಿರಮ್ಮ."

ಈಗ ಪ್ರೋಗ್ರಾಂ ತೆರೆದು ನೋಡಿದರೆ ಆ ಸಾಲೇ ಇರಲಿಲ್ಲ.

ಕಿರಣ್ ಕಾರಿನ ಕೀ ತಿರುಗಿಸುತ್ತಾ ಒಳಗೆ ಬಂದ. "ಏನ್ ಮಾಡಿಟ್ಟಿದ್ಯಮ್ಮ? ಸಂಘದ ಮರ್ಯಾದೆ, ನಮ್ ಮರ್ಯಾದೆ, ಎರಡೂ ಹೋಯ್ತು."

"ಈ ಸಾಲು ಯಾರು ತೆಗೆದಿದ್ದು ಸರ್?"

ಅವನು ಬಗ್ಗಿ ನೋಡಿದ. "ಅದು ಬೇಡದ ಸಾಲು. ನಾನೇ ತೆಗೆದೆ. ಅದಿಲ್ದೇನೂ ಓಡ್ತಿತ್ತಲ್ಲ."

"ಓಡಿದ್ದು ನಿಮ್ ಲಿನಕ್ಸ್ ಲ್ಯಾಪ್‌ಟಾಪ್‌ನಾಗೆ! ಅದು ಹೇಳದೇನೂ ಇಬ್ರನ್ನೂ ತಗಂತೈತೆ. ಇಲ್ಲಿರೋದು ವಿಂಡೋಸು. ಹೇಳದೇ ಹೋದ್ರೆ ಇದು ಹೊಸ ವಿಳಾಸದವ್ರನ್ನ ಮಾತ್ರ ತಗಂತೈತೆ. ಅದಕ್ಕೇ ಬರೆದಿದ್ದು. ಒಂದು ಮಾತು ಕೇಳಾಕೆ ನಿಮ್ ಬಾಯಿಗೆ ಏನಾಗಿತ್ತು?"

ಅವಳ ದನಿಗೆ ಹೊರಗಿನ ಬೆಂಚಿನಲ್ಲಿ ಕುಳಿತಿದ್ದವರೂ ಎದ್ದು ಬಾಗಿಲಿಗೆ ಬಂದರು. ಯಾರ ಮುಂದೆಯೂ ಅವಳು ಹೀಗೆ ಕೂಗಿದವಳಲ್ಲ. ಸಿಟ್ಟಿನಲ್ಲಿ ಸಾಲನ್ನು ತಪ್ಪು ಬರೆದು, ಅಳಿಸಿ ಮತ್ತೆ ಬರೆದಳು. ಪ್ರೋಗ್ರಾಂ ಹೊಸದಾಗಿ ಶುರು ಮಾಡಿ ದ್ಯಾಮಮ್ಮನಿಗೆ ಫೋನ್ ಹಚ್ಚಿದಳು.

"ಈಗ ನೋಡ್ರಿ."

"ಈಗ ಬೇರೆ ಏನೋ ಬರ್ತೈತೆ. 'ಅನುಮತಿ ಇಲ್ಲ' ಅಂತೈತೆ."

ಅನುಸೂಯ ಮತ್ತೆ ಪ್ರೋಗ್ರಾಂ ತೆರೆದಳು. ಸಂಘದ ಕಚೇರಿಗಳ ವಿಳಾಸಗಳಿಗೆ ಮಾತ್ರ ಅನುಮತಿ ಕೊಡುವ ಭಾಗವನ್ನು ಬರೆದವಳು ಅವಳೇ; ಅದನ್ನು ಯಾರೂ ಮುಟ್ಟಿರಲಿಲ್ಲ. ಹೊಸ ಸಾಕೆಟ್ಟಿಗೆ ಬಂದ ಹಳೇ ವಿಳಾಸ ತನ್ನ ಮುಂದೆ ಒಂದಿಷ್ಟು ಅಕ್ಷರ ಸೇರಿಸಿಕೊಂಡು, ಹೊಸದರ ರೂಪದಲ್ಲಿ ಕಾಣಿಸುತ್ತದೆ. ಅದನ್ನು ಅವಳು ಹೋಲಿಸಿದ್ದು ತಾನು ಬರೆದಿಟ್ಟಿದ್ದ ಬರೀ ನಾಲ್ಕು ಸಂಖ್ಯೆಗಳ ಜೊತೆ, ಹಾಗಾಗಿ ಎರಡೂ ಹೊಂದುತ್ತಿರಲಿಲ್ಲ. ಕಿರಣ್ ಸಾಲನ್ನು ತೆಗೆಯದಿದ್ದರೂ ಹೊಸದುರ್ಗಕ್ಕೆ ಅನುಮತಿ ಸಿಗುತ್ತಿರಲಿಲ್ಲ.

ಕಿರಣ್ ನಕ್ಕ. "ಈಗ ಕೂಗಮ್ಮ. ಇದನ್ನ ಬರೆದಿದ್ದು ಯಾರು?"

"ನಾನೇ," ಎಂದಳು ಅವನತ್ತ ತಿರುಗಿ. "ನಂದೇ ತಪ್ಪು. ನಗಬ್ಯಾಡ್ರಿ. ಕೇಳಿದ ಆ ಒಂದು ದಿನ ಕೊಟ್ಟಿದ್ರೆ ನಿಮ್ದೂ ಸಿಕ್ತಿತ್ತು, ನಂದೂ ಸಿಕ್ತಿತ್ತು. ನಿಮಗೆ ರಿಬ್ಬನ್ ಕತ್ತರಿಸೋ ಅವಸರ."

ಹೋಲಿಸುವ ಮೊದಲು ಸೇರಿಕೊಂಡ ಅಕ್ಷರಗಳನ್ನು ಬಿಡಿಸುವಂತೆ ಅವಳು ತಿದ್ದಿದಳು. ಹೊಸದುರ್ಗ ತೆರೆಯಿತು, ಹೊಳಲ್ಕೆರೆ ತೆರೆಯಿತು, ಹಿರಿಯೂರು ಮೊದಲಿನಂತೆಯೇ ಇತ್ತು. ಮುರುಗೇಶಪ್ಪನವರು ಎಲ್ಲಾ ಕಚೇರಿಗಳಿಗೂ ತಾವೇ ಫೋನ್ ಮಾಡಿ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಕಿರಣನ ಕಡೆ ನೋಡದೆ ಹೇಳಿದರು: "ಇನ್ನು ಮೇಲೆ ಎಲ್ಲಾ ಊರಿಂದ ನೋಡಿ ಆಗಾ ತನಕ ಏನೂ ಬದಲು ಮಾಡಂಗಿಲ್ಲ. ನಾನೇ ಹೇಳಿದ್ರೂ ಮಾಡಂಗಿಲ್ಲ."

ಸಂಜೆಯ ಹೊತ್ತಿಗೆ ದ್ಯಾಮಮ್ಮ ಸುದ್ದಿ ಕೊಟ್ಟಳು. ಮೇಷ್ಟ್ರ ರಕ್ತ ಸಿಕ್ಕಿ ಬಾಣಂತಿ ಉಳಿದಿದ್ದಳು, ಮಗುವೂ ಚೆನ್ನಾಗಿತ್ತು. ಆದರೆ ಗರ್ಭಕೋಶ ತೆಗೆಯಬೇಕಾಯಿತು. ಚೊಚ್ಚಲ ಹೆರಿಗೆ.

"ರಕ್ತ ಬೇಗ ಸಿಕ್ಕಿದ್ರೆ ಉಳೀತಿತ್ತಾ?"

"ಡಾಕ್ಟ್ರು ಹಂಗೂ ಹೇಳಲ್ಲ, ಹಿಂಗೂ ಹೇಳಲ್ಲ ಕಣಮ್ಮ."

ಮರುದಿನ ಹೊಸದುರ್ಗಕ್ಕೆ ಹೋಗೋಣ ಬನ್ನಿ ಎಂದು ಅನುಸೂಯ ಕಿರಣನನ್ನು ಕರೆದಳು. "ನಾವ್ಯಾಕೆ ಹೋಗಿ ಮೈಮೇಲೆ ಎಳಕಬೇಕು? ಪ್ರೋಗ್ರಾಮು ಸರಿ ಮಾಡಿ ಆತಲ್ಲ," ಎಂದ ಅವನು. ಅವಳು ಒಬ್ಬಳೇ ಬಸ್ ಹತ್ತಿದಳು.

ಬಾಣಂತಿಯ ಗಂಡ ಚಿಕ್ಕತಿಮ್ಮಪ್ಪ ವಾರ್ಡಿನ ಹೊರಗೆ ನಿಂತಿದ್ದ. ಅನುಸೂಯ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ರಕ್ತ ಕೊಡುವವರ ಹೆಸರು ಕಂಪ್ಯೂಟರಿನಲ್ಲಿತ್ತು, ನಮ್ಮ ತಪ್ಪಿನಿಂದ ಇಲ್ಲಿಯವರಿಗೆ ಕಾಣಲಿಲ್ಲ, ಅದರಿಂದ ತಡವಾಯಿತು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಆಡಿದ ಮಾತುಗಳಿಗೆ ಆಸ್ಪತ್ರೆಯ ಆಯಾ ಓಡಿಬಂದಳು. ಅನುಸೂಯ ತಲೆ ತಗ್ಗಿಸದೆ ಎಲ್ಲವನ್ನೂ ಕೇಳಿಸಿಕೊಂಡಳು. ಅವನ ಸಿಟ್ಟು ನ್ಯಾಯವಾದದ್ದೆಂದು ಅವಳಿಗೆ ಗೊತ್ತಿತ್ತು.

"ನೀವೊಬ್ರೇನಾ ಮಾಡಿದ್ದು?" ಕೊನೆಗೆ ಅವನು ಏದುಸಿರು ಬಿಡುತ್ತಾ ಕೇಳಿದ.

"ಇಲ್ಲ. ಇದ್ರಾಗೆ ನಮ್ ಕಂಪನಿ ಓನರ್ರೂ ಅವ್ರೆ."

"ಅವ್ರೆಲ್ಲಿ?"

ಅನುಸೂಯ ಬ್ಯಾಗಿನಿಂದ ಮೊಬೈಲ್ ತೆಗೆದು ಕಿರಣನ ನಂಬರ್ ಒತ್ತಿದಳು. ಅವನ "ಹಲೋ" ಕೇಳಿಸಿದ್ದೇ ತಡ, ಫೋನನ್ನು ಚಿಕ್ಕತಿಮ್ಮಪ್ಪನ ಕೈಗೆ ಕೊಟ್ಟಳು.

"ಮಾತಾಡ್ರಿ," ಎಂದಳು.